ಡಬ್ಬದ ಮೇಲೆ ಮಸಾಜರ್ ಅಂತ ಯಾಕೆ ಬರೀತೀರಿ?

ಇದು ಮದುವೆಯಾದವರಿಗೆ, ವಯಸ್ಕರಿಗೆ ಬರೆದದ್ದು. ಫೋನು ಮಕ್ಕಳ ಕೈಗೆ ಕೊಡುವ ಮುಂಚೆ ಈ ಪುಟ ಮುಚ್ಚಿಬಿಡಿ.

ಹಲವಾಗಲಿಗೆ ಕೆಲ ದಿನಗಳ ಹಿಂದೆ ಒಂದು ಪಾರ್ಸಲ್ ಬಂತು. ಕೊರಿಯರ್ ಹುಡುಗ ಊರೊಳಗೆ ಬರುವುದಿಲ್ಲ, ಬಸ್ಸು ನಿಲ್ಲುವ ಕಡೆ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾನೆ. ಅಂಗಡಿ ಕಟ್ಟೆಯ ಮೇಲೆ ಕೂತವರು ಅದನ್ನು ಅಲ್ಲಾಡಿಸಿ ನೋಡಿದರು, ಮೇಲಿನ ಚೀಟಿ ಓದಿದರು. 'ಮಸಾಜರ್' ಅಂತ ಬರೆದಿತ್ತು. ತಗೊಂಡು ಹೋಗಲು ಬಂದವನು "ಅವ್ವಗೆ ಮೊಣಕಾಲು ನೋವು" ಅಂದ. ಮಾತು ಅವನಿಗಿಂತ ಮುಂಚೆ ಮನೆ ಮುಟ್ಟಿತು. ಸಂಜೆ ಅತ್ತೆ ಸೊಸೆಯನ್ನು ಕರೆದು, "ಏ ಯವ್ವಾ, ನನ್ನ ಮಿಷನ್ ಬಂದೈತಂತಲ್ಲ, ತಾ ಇಲ್ಲಿ, ಬೆಳಗಿನಿಂದ ಕಾಲು ಹಿಡ್ಕಂಡೈತಿ" ಅಂದರು. ಸೊಸೆ ಎರಡು ದಿನ "ಚಾರ್ಜಿಗಿಟ್ಟೀನಿ ಅತ್ತಿ" ಅಂತ ಹೇಳಿ ದಾಟಿಸಿದಳು.

ಆ ಗಂಡ ಹೆಂಡತಿ ನಮ್ಮ ಬಳಗದವರೇ. ಯಾರು ಅಂತ ಬರೆಯುವುದಿಲ್ಲ, ಊರಲ್ಲಿ ಕೇಳಬೇಡಿ. ಬರೆಯಿರಿ ಅಂದವರು ಅವರೇ. ನಗುವ ಕಥೆ ಇಲ್ಲಿಗೆ ಮುಗಿಯಿತು. ಮುಂದಿನದು ನಗುವಂಥದ್ದಲ್ಲ.

ಡಬ್ಬದಲ್ಲಿ ಇದ್ದದ್ದು ಗಂಡ ಹೆಂಡತಿ ಕೂಡಿ ಬಳಸುವ ವೈಬ್ರೇಟರ್. ಹೆಂಗಸು ಧರಿಸುವಂಥದ್ದು, ರಿಮೋಟ್ ಬೇರೆ. ಬಿಚ್ಚಿದಾಗ ಹೊಸ ಚಪ್ಪಲಿ ಅಂಗಡಿಯ ವಾಸನೆ ಹೊಡೆಯಿತಂತೆ. ಯಾವ ವಸ್ತುವಿನಿಂದ ಮಾಡಿದ್ದು ಅಂತ ಎಲ್ಲಿಯೂ ಇಲ್ಲ. ಹೇಗೆ ಬಳಸಬೇಕು ಅಂತ ಕೊಟ್ಟ ಚೀಟಿಯಲ್ಲಿ ಕುತ್ತಿಗೆ, ಭುಜ, ಸೊಂಟದ ಚಿತ್ರಗಳು. ಮೂರನೆಯ ದಿನಕ್ಕೆ ಆಕೆಗೆ ಉರಿ, ಕೆರೆತ, ಬಾವು. ಆಸ್ಪತ್ರೆಗೆ ಹೋದಳು. ಡಾಕ್ಟರ್ ಕೇಳಿದಾಗ "ಸೋಪು ಬದಲಾಯಿಸಿದ್ದೆ" ಅಂದಳು. ಡಾಕ್ಟರ್ ಪಾಪ ಸೋಪಿನ ಅಲರ್ಜಿಗೆ ಮುಲಾಮು ಕೊಟ್ಟರು. ವಾಸಿಯಾಯಿತು. ಮತ್ತೆ ಬಳಸಿದರು, ಮತ್ತೆ ಉರಿ. ಮಾರಿದವರಿಗೆ ಗಂಡ ದೂರು ಬರೆದ. ಉತ್ತರ ಬಂತು: ನಮ್ಮ ಸಾಧನ ಕುತ್ತಿಗೆ ಮತ್ತು ಭುಜದ ಮಸಾಜಿಗೆ ಮಾತ್ರ, ಬೇರೆ ಬಳಕೆಗೆ ನಾವು ಹೊಣೆಯಲ್ಲ.

ನಮ್ಮ ತಕರಾರು ಈ ಉತ್ತರದ ಮೇಲೆ. ಕುತ್ತಿಗೆಗೆ ಮಾಡಿದ ವಸ್ತುವಿಗೆ ಆ ಆಕಾರ ಯಾಕಪ್ಪಾ? ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ಮಾರುವ ಆ್ಯಪಿಗೂ ಗೊತ್ತು. ಆದರೆ ಹೆಸರು ಹೇಳದೆ ಮಾರಿದರೆ ಹೊಣೆ ಹೊರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 87ನೇ ಕಲಮಿನಲ್ಲಿ ಒಂದು ಮಾತಿದೆ: ವಸ್ತುವನ್ನು ದುರ್ಬಳಕೆ ಮಾಡಿದಾಗ ಹಾನಿಯಾಗಿದ್ದರೆ ಮಾರಿದವನ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ಹೂಡುವಂತಿಲ್ಲ. ಡಬ್ಬದ ಮೇಲೆ 'ಕುತ್ತಿಗೆಗೆ' ಅಂತ ಬರೆದ ಕ್ಷಣವೇ ನೀವು ಮಾಡುವ ಬಳಕೆ ದುರ್ಬಳಕೆ ಅಂತ ವಾದಿಸಲು ಅವನಿಗೆ ದಾರಿ ಸಿಕ್ಕಿತು. ನಮ್ಮ ನಾಚಿಕೆ ಅವನ ವಿಮೆ.

ಇವರು ಹೆಸರು ಮರೆಸುವುದಕ್ಕೆ ಕಾರಣವೂ ಇದೆ. ಹೊರದೇಶದಿಂದ ಬರುವ 'ಅಶ್ಲೀಲ' ವಸ್ತುಗಳನ್ನು ತಡೆಯಲು 1964ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಒಂದು ಅಧಿಸೂಚನೆ ಇದೆ. ಅದನ್ನು ಹಿಡಿದುಕೊಂಡು ಮುಂಬೈಯ ಕಸ್ಟಮ್ಸ್ ಅಧಿಕಾರಿಗಳು ಒಂದು ಕಂಪನಿ ತರಿಸಿದ ಬಾಡಿ ಮಸಾಜರ್‌ಗಳನ್ನು ಮುಟ್ಟುಗೋಲು ಹಾಕಿಕೊಂಡರು. ಇವನ್ನು ಸೆಕ್ಸ್ ಟಾಯ್ ಆಗಿಯೂ ಬಳಸಬಹುದಲ್ಲ ಎಂಬುದು ಅವರ ವಾದ. ನ್ಯಾಯಮಂಡಳಿ ಒಪ್ಪಲಿಲ್ಲ. ಕಸ್ಟಮ್ಸ್ ಇಲಾಖೆ ಬಾಂಬೆ ಹೈಕೋರ್ಟಿಗೆ ಹೋಯಿತು. 2024ರ ಮಾರ್ಚಿನಲ್ಲಿ ಹೈಕೋರ್ಟ್ ಆ ಮೇಲ್ಮನವಿಯನ್ನು ತಳ್ಳಿಹಾಕಿ, ಇದೆಲ್ಲ ಅಧಿಕಾರಿಯ ಕಲ್ಪನೆ ಅಂತ ಹೇಳಿತು. ಒಳ್ಳೆಯದೇ ಆಯಿತು. ಆದರೆ ಗಮನಿಸಿ, ಆ ಕೋರ್ಟು ಹೇಳಿದ್ದು ಬಾಡಿ ಮಸಾಜರ್ ನಿಷೇಧಿತ ವಸ್ತುವಲ್ಲ ಅಂತ. ಹಾಗಾಗಿ ಮಾರುವವರು ಮಸಾಜರ್ ಎಂಬ ಹೆಸರಿಗೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡರು.

ಕೊಳ್ಳುವ ದಂಪತಿಗೆ ಕಾನೂನಿನ ಭಯ ಇದೆಯಾ? ಹಿಂದಿನ ದಂಡ ಸಂಹಿತೆಯ 292ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 294, ಅಶ್ಲೀಲ ವಸ್ತುವನ್ನು ಮಾರುವ, ಬಾಡಿಗೆಗೆ ಕೊಡುವ, ಆಮದು ಮಾಡುವ, ಸಾರ್ವಜನಿಕವಾಗಿ ತೋರಿಸುವ, ಇಂಥದ್ದಕ್ಕಾಗಿ ಇಟ್ಟುಕೊಳ್ಳುವವರ ಬಗ್ಗೆ ಮಾತಾಡುತ್ತದೆ. ಇಬ್ಬರು ವಯಸ್ಕರು ತಮ್ಮ ಕೋಣೆಯಲ್ಲಿ ಏನು ಬಳಸಿದರು ಅನ್ನುವುದು ಅದರ ಮಾತಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯಕ್ಕೆ ಹಾಕಿದ ಅರ್ಜಿ ಅದು. ಆದರೆ ಮದುವೆ, ಮನೆ, ದಾಂಪತ್ಯದ ಆಪ್ತತೆ ಇವೂ ಆ ಹಕ್ಕಿನೊಳಗೆ ಬರುತ್ತವೆ ಅಂತ ತೀರ್ಪು ಹೇಳಿತು. ಅಂಗಡಿ ಕಟ್ಟೆಯ ಮೇಲೆ ಪಾರ್ಸಲ್ ಅಲ್ಲಾಡಿಸುವವರು ಇದನ್ನು ನೆನಪಿಡಿ.

ಈಗ ಸಂಸ್ಕೃತಿಯ ಮಾತು. ಈ ಲೇಖನ ಹಾಕುತ್ತೇವೆ ಅಂದಾಗ ನಮ್ಮ ಹಿರಿಯರೊಬ್ಬರು "ಇವೆಲ್ಲ ಪಟ್ಟಣದ ರೋಗ, ನಮ್ಮ ಕಡೆ ಯಾಕ್ರೋ" ಅಂದರು. ಯಜಮಾನ್ರೇ, ನಮ್ಮ ಹರಪನಹಳ್ಳಿ ತಾಲೂಕಿನದೇ ಬಾಗಳಿಗೆ ಒಮ್ಮೆ ಹೋಗಿಬನ್ನಿ. 10ನೇ ಶತಮಾನದ ಕಲ್ಲೇಶ್ವರ ಗುಡಿಯ ಹೊರಗೆ ಮಿಥುನ ಶಿಲ್ಪಗಳಿವೆ. ಕೆತ್ತಿದವನು ಕತ್ತಲಲ್ಲಿ ಕೆತ್ತಿಲ್ಲ, ದೇವರಿಗೆ ಕೈ ಮುಗಿಯಲು ಬಂದವರ ಕಣ್ಣೆದುರಿಗೆ ಕೆತ್ತಿದ್ದಾನೆ. ಚಂದ್ರರಾಜ ಎಂಬ ಕವಿ 11ನೇ ಶತಮಾನದಲ್ಲೇ ಕನ್ನಡದಲ್ಲಿ 'ಮದನತಿಲಕ' ಎಂಬ ಕಾಮಶಾಸ್ತ್ರ ಗ್ರಂಥ ಬರೆದಿದ್ದಾನೆ. ನಮ್ಮ ಕಾಲಕ್ಕೆ ಬಂದರೆ ವೈದ್ಯೆ, ಲೇಖಕಿ ಅನುಪಮಾ ನಿರಂಜನ ದಾಂಪತ್ಯದ ಆರೋಗ್ಯವನ್ನು ಸರಳ ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದರು. ಈ ಮಾತು ನಮಗೆ ಹೊರಗಿನಿಂದ ಬಂದದ್ದಲ್ಲ. ನಡುವೆ ಎಲ್ಲೋ ನಾವು ಬಾಯಿ ಮುಚ್ಚಿಕೊಂಡೆವು.

ಅದೂ ಪೂರ್ತಿ ಮುಚ್ಚಿಕೊಂಡಿಲ್ಲ. ಯಾವುದೇ ಬಸ್ ನಿಲ್ದಾಣದ ಶೌಚಾಲಯದ ಗೋಡೆ ನೋಡಿ. ಪುರುಷತ್ವದ ಎಣ್ಣೆ, ಶಕ್ತಿಯ ಪುಡಿ, 'ಗುಪ್ತ ಸಮಸ್ಯೆಗೆ ಇಂಥ ವಾರ ಇಂಥ ಲಾಡ್ಜಿನಲ್ಲಿ ಭೇಟಿಯಾಗಿ'. ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದು 1954ರ ಮಾಂತ್ರಿಕ ಔಷಧಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯಂತೆ ಅಪರಾಧ. ಆ ಪೋಸ್ಟರ್ ಕಿತ್ತ ಯಾರನ್ನೂ ನಾವು ನೋಡಿಲ್ಲ. ಅಪ್ಪ, ಮಗ ಇಬ್ಬರೂ ಅದರ ಕೆಳಗೇ ನಿಂತು ಬಸ್ಸು ಕಾಯುತ್ತಾರೆ. ಗಂಡಸಿನ ಸುಖಕ್ಕೆ ಊರ ಗೋಡೆಯೆಲ್ಲ ಬಿಟ್ಟುಕೊಟ್ಟವರಿಗೆ ಹೆಂಡತಿಯ ಸುಖಕ್ಕೆ ಒಂದು ಡಬ್ಬ ಬಂದರೆ ಸಂಸ್ಕೃತಿ ನೆನಪಾಗುತ್ತದೆ. ಇನ್ನೂ ಕಹಿಯಾದದ್ದು ಹೇಳಬೇಕೆಂದರೆ, ಇದೇ ತಾಲೂಕಿನ ಉಚ್ಚಂಗಿದುರ್ಗದ ಭರತ ಹುಣ್ಣಿಮೆಗೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದ ಕಾಲವನ್ನು ಕಂಡವರು ನಮ್ಮ ನಡುವೆ ಇದ್ದಾರೆ. ಅದನ್ನು ತಡೆಯಲು 1982ರಲ್ಲಿ ಕಾಯ್ದೆಯೇ ಬೇಕಾಯಿತು. ಹೆಣ್ಣಿನ ದೇಹವನ್ನು ಊರಿನದು ಮಾಡಿದಾಗ ನಾಚದವರು ಆಕೆ ತನ್ನ ದೇಹ ತನ್ನದು ಅಂದಾಗ ನಾಚುತ್ತಾರೆ.

ಸರ್ಕಾರವೂ ಒಮ್ಮೆ ಇದನ್ನು ಮಾರಿತ್ತು ಅಂದರೆ ನಂಬುತ್ತೀರಾ? ನಿರೋಧ್ ಮಾಡುವ ಕೇಂದ್ರ ಸರ್ಕಾರದ ಕಂಪನಿ ಹಿಂದೂಸ್ತಾನ್ ಲೇಟೆಕ್ಸ್, ಈಗಿನ ಎಚ್‌ಎಲ್‌ಎಲ್ ಲೈಫ್‌ಕೇರ್. ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೂ ಅದರ ಕಾರ್ಖಾನೆ ಇದೆ. ಆ ಕಂಪನಿ 'ಕ್ರೆಸೆಂಡೊ' ಎಂಬ ಹೆಸರಿನಲ್ಲಿ ಕಾಂಡೋಮ್ ಜೊತೆಗೆ ಬ್ಯಾಟರಿಯಿಂದ ಕಂಪಿಸುವ ಒಂದು ಉಂಗುರವನ್ನು ಇಟ್ಟು ಮಾರಿತು. ಗಂಡ ಧರಿಸಿದರೆ ಇಬ್ಬರಿಗೂ ಕಂಪನ ತಾಗುವ ಉಂಗುರ ಅದು. ಸುಖ ಸಿಕ್ಕರೆ ಜನ ಕಾಂಡೋಮ್ ಹೆಚ್ಚು ಬಳಸುತ್ತಾರೆ ಎಂಬುದು ಕಂಪನಿಯ ವಾದ. 2007ರಲ್ಲಿ ಮಧ್ಯಪ್ರದೇಶದ ಸಚಿವ ಕೈಲಾಶ್ ವಿಜಯವರ್ಗೀಯ ಇದು ಸೆಕ್ಸ್ ಟಾಯ್, ನಿಷೇಧಿಸಿ ಅಂತ ಗದ್ದಲ ಎಬ್ಬಿಸಿದರು. ಆರೋಗ್ಯ ಇಲಾಖೆಯ ಕೆಳಗಿನ ಕಂಪನಿ ಅದು! ಅಂಥ ಕಂಪನಿ ಮಾಡಿದರೆ ಗುಣಮಟ್ಟ ಕೇಳಬಹುದು, ದೂರಿಗೆ ವಿಳಾಸ ಇರುತ್ತದೆ. ಗದ್ದಲ ಮಾಡಿದವರಿಗೆ ಇದು ಹೊಳೆಯಲಿಲ್ಲ.

ಮಕ್ಕಳ ಗೊಂಬೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಮಾತ್ರ ಆ ಆದೇಶ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಅದೇ 2021ರಲ್ಲಿ ಸೆಕ್ಸ್ ಟಾಯ್‌ಗಳಿಗೆ 3533 ಎಂಬ ಸಂಖ್ಯೆಯ ಸುರಕ್ಷತಾ ಮಾನಕ ಹೊರಡಿಸಿತು. ಅಂದರೆ ಇದಕ್ಕೆ ಅಳತೆಗೋಲೇ ಇಲ್ಲ ಅನ್ನುವಂತಿಲ್ಲ. ನಾವು ಕೇಳುವುದು ಇಷ್ಟು: ಹೆಸರು ಹೇಳಿ ಮಾರಲು ಬಿಡಿ, ಯಾವ ವಸ್ತುವಿನಿಂದ ಮಾಡಿದ್ದು ಅಂತ ಬರೆಸಿ, ಬಳಸುವ ವಿಧಾನ ಕನ್ನಡದಲ್ಲಿ ಕೊಡಿಸಿ. ಹೊಲಕ್ಕೆ ಹೊಡೆಯುವ ಕ್ರಿಮಿನಾಶಕದ ಡಬ್ಬದೊಳಗೆ ಕನ್ನಡದ ಚೀಟಿ ಸಿಗುತ್ತದೆ.

ಅಲ್ಲಿಯವರೆಗೆ ಏನು ಮಾಡುವುದು? ಬೇಕು ಅನ್ನಿಸಿದವರಿಗೆ ನಾವು ಓದಿ, ಕೇಳಿ ತಿಳಿದದ್ದನ್ನು ಹೇಳುತ್ತೇವೆ. ಬೇಡ ಅನ್ನಿಸಿದವರು ಕೊಳ್ಳಲೇಬೇಕು ಅಂತ ಏನೂ ಇಲ್ಲ. ದುಡ್ಡು ಬಿಗಿಯಿದ್ದರಂತೂ ಬೇಡವೇ ಬೇಡ, ಅಗ್ಗದ್ದನ್ನು ಕೊಳ್ಳುವುದಕ್ಕಿಂತ ಕೊಳ್ಳದಿರುವುದು ಲೇಸು.

ಮೊದಲು ಗಂಡಸರ ಜೊತೆ ಒಂದು ಮಾತು. "ಇದು ಬಂದರೆ ನಾನ್ಯಾಕೆ?" ಅಂತ ಮುಖ ಊದಿಸಿಕೊಳ್ಳಬೇಡಿ. ಬರೀ ಸಂಭೋಗದಿಂದಲೇ ಬಹಳಷ್ಟು ಹೆಂಗಸರಿಗೆ ತೃಪ್ತಿ ಸಿಗುವುದಿಲ್ಲ ಅಂತ ವೈದ್ಯಶಾಸ್ತ್ರ ಎಂದೋ ಹೇಳಿದೆ. ಯೋನಿಯ ಮೇಲ್ತುದಿಯಲ್ಲಿರುವ ಚಂದ್ರನಾಡಿಗೆ ಸ್ಪರ್ಶ ಬೇಕು. ಧರಿಸುವ ಸಾಧನಗಳು ಮಾಡುವುದು ಅದನ್ನೇ. ಪಂಪ್‌ಸೆಟ್ ಬಂತು ಅಂತ ರೈತನ ಮಾನ ಹೋಯಿತಾ? ಆದರೆ ಇನ್ನೊಂದು ಕಡೆಯೂ ಇದೆ. ಫೋನಿನಲ್ಲಿ ಏನೋ ನೋಡಿ, ಹೆಂಡತಿಗೆ ಹೇಳದೆ ತರಿಸಿ, "ಹಾಕ್ಕೋ" ಅನ್ನುವ ಗಂಡಸರೂ ಇದ್ದಾರೆ. ಅದು ಸುಖವಲ್ಲ, ಹಿಂಸೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಲೈಂಗಿಕ ಹಿಂಸೆಯನ್ನೂ ಹಿಂಸೆ ಅಂತಲೇ ಎಣಿಸುತ್ತದೆ. ಮಹಿಳಾ ಸಹಾಯವಾಣಿ 181. ಅವಳ ಮೈಮೇಲೆ ಇರುವ ಯಂತ್ರದ ರಿಮೋಟ್ ಮೊದಲು ಅವಳ ಕೈಯಲ್ಲೇ ಇರಲಿ. ಎಷ್ಟು ವೇಗ ಹಿತ, ಎಲ್ಲಿ ನಿಲ್ಲಬೇಕು ಅಂತ ಅವಳಿಗೆ ಗೊತ್ತಾದ ಮೇಲೆ, ಅವಳಾಗಿ ಕೊಟ್ಟರೆ ತಗೊಳ್ಳಿ.

ಆರಿಸುವಾಗ ಮೊದಲು ನೋಡಬೇಕಾದದ್ದು ವಸ್ತು. ಒಳ್ಳೆಯ ಸಿಲಿಕೋನ್ ಆದರೆ ಅದರಲ್ಲಿ ರಂಧ್ರ ಇರುವುದಿಲ್ಲ, ತೊಳೆದರೆ ಶುಚಿಯಾಗುತ್ತದೆ, ಘಾಟು ವಾಸನೆ ಬರುವುದಿಲ್ಲ. ಜೆಲ್ಲಿಯಂತೆ ಅಂಟಂಟಾಗಿರುವ ಅಗ್ಗದ ರಬ್ಬರಿನಲ್ಲಿ ಕಣ್ಣಿಗೆ ಕಾಣದ ತೂತುಗಳಿದ್ದು ಕೊಳೆ, ರೋಗಾಣು ಒಳಗೇ ಉಳಿಯುತ್ತವೆ. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಥಾಲೇಟ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಅವುಗಳಲ್ಲಿ ಕೆಲವನ್ನು ಯುರೋಪಿನಲ್ಲಿ ಮಕ್ಕಳ ಆಟಿಕೆಯಲ್ಲಿ ಸಾವಿರಕ್ಕೆ ಒಂದು ಪಾಲಿಗಿಂತ ಹೆಚ್ಚು ಬೆರೆಸುವಂತಿಲ್ಲ. ಚಪ್ಪಲಿ ವಾಸನೆ ಬಂದರೆ ಮುಟ್ಟದೆ ವಾಪಸ್ ಕಳಿಸಿ. ಡಬ್ಬದ ಮೇಲೆ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ದೂರಿನ ಫೋನ್ ಸಂಖ್ಯೆ ಇರಲೇಬೇಕು, ಇದು ಪ್ಯಾಕೆಟ್ ಮಾಡಿದ ಸರಕಿನ ನಿಯಮ. ಇಲ್ಲದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 'ಮಸಾಜರ್' ಅಂತಲೇ ಹೇಳಿ ದೂರು ಕೊಡಿ, ಅವರೇ ಬರೆದದ್ದಲ್ಲವಾ!

ಹೆಂಗಸು ಧರಿಸುವುದರಲ್ಲಿ ಒಳಉಡುಪಿಗೆ ಸಿಕ್ಕಿಸಿ ಹೊರಗಷ್ಟೇ ತಾಗುವಂಥದ್ದು ಇದೆ, ಬಾಗಿದ ಕೊಕ್ಕೆಯಂತೆ ಒಂದು ತುದಿ ಒಳಗೆ, ಒಂದು ಹೊರಗೆ ಇರುವಂಥದ್ದೂ ಇದೆ. ಹೊಸಬರಿಗೆ ಹೊರಗಿನದೇ ಸಾಕು. ಹತ್ತು ಹದಿನೈದು ಬಗೆಯ ಕಂಪನ ಅಂತ ಬೆಲೆ ಏರಿಸುತ್ತಾರೆ, ಬೇಕಾದದ್ದು ನಿಧಾನವಾದ ಒಂದು ಮತ್ತು ತಟ್ಟನೆ ನಿಲ್ಲಿಸುವ ಗುಂಡಿ. ಇನ್ನೊಂದು, ಸದ್ದು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಮಲಗುವ ಕಡೆಗೆ ಕದವೇ ಇಲ್ಲ, ಒಂದು ಸೀರೆಯ ಮರೆ. ನಿಜ ಹೇಳಬೇಕೆಂದರೆ ಅಂಥ ಮನೆಗೆ ಮೊದಲು ಬೇಕಾದದ್ದು ಕದ.

ಗಂಡ ಧರಿಸುವ ಉಂಗುರದ ವಿಷಯದಲ್ಲಿ ಹುಡುಗಾಟ ಬೇಡ. ಹಿಗ್ಗುವ ಮೆತ್ತನೆಯ ಸಿಲಿಕೋನಿನದೇ ಆಗಬೇಕು. ಲೋಹದ್ದು, ಗಟ್ಟಿ ಪ್ಲಾಸ್ಟಿಕ್ಕಿನದು, ವರ್ಕ್‌ಶಾಪಿನ ವಾಷರು, ರಬ್ಬರ್ ಬ್ಯಾಂಡು ಯಾವುದೂ ಕೂಡದು. ರಕ್ತ ಕಟ್ಟಿಕೊಂಡರೆ ಅಂಗಕ್ಕೇ ಅಪಾಯ. ಇಪ್ಪತ್ತು ನಿಮಿಷಕ್ಕೆ ತೆಗೆಯಿರಿ, ಅರ್ಧ ಗಂಟೆಯಂತೂ ಮೀರಬಾರದು. ಹಾಕಿಕೊಂಡು ನಿದ್ದೆ ಹೋಗಬಾರದು, ಕುಡಿದಿದ್ದರೆ ಹಾಕಲೇಬಾರದು. ಜೋಮು ಹಿಡಿದರೆ, ತಣ್ಣಗಾದರೆ, ಬಣ್ಣ ಕಪ್ಪಾದರೆ ಆ ಕ್ಷಣವೇ ತೆಗೆಯಿರಿ. ತೆಗೆಯಲು ಬಾರದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ನಾಚಿಕೆ ಬಿಟ್ಟು ತುರ್ತು ಚಿಕಿತ್ಸೆಗೆ ಹೋಗಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರು, ರಕ್ತ ತೆಳುವಾಗಲು ಮಾತ್ರೆ ನುಂಗುವವರು, ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಇಂಥದ್ದಕ್ಕೆ ಹೋಗಬಾರದು. ಬಸುರಿಯರು, ಬಾಣಂತಿಯರು, ಹುಣ್ಣು ಅಥವಾ ಸೋಂಕು ಇರುವವರಿಗೂ ಇದೇ ಮಾತು.

ಒಣ ಮೈಗೆ ಯಂತ್ರ ಹಚ್ಚಿದರೆ ತರಚುತ್ತದೆ. ಮೆಡಿಕಲ್ ಶಾಪಿನಲ್ಲಿ ನೀರು ಆಧಾರದ ಜೆಲ್ ಸಿಗುತ್ತದೆ, ಅದನ್ನು ಬಳಸಿ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹಚ್ಚಿದರೆ ಕಾಂಡೋಮ್ ಹರಿಯುತ್ತದೆ. ಸಿಲಿಕೋನ್ ಜೆಲ್ ಹಚ್ಚಿದರೆ ಸಿಲಿಕೋನ್ ಸಾಧನವೇ ಹಾಳಾಗಬಹುದು. ಪ್ರತಿ ಸಲವೂ ಮುಂಚೆ, ಆಮೇಲೆ ಉಗುರುಬೆಚ್ಚಗಿನ ನೀರು, ಸಾದಾ ಸೋಪಿನಿಂದ ತೊಳೆದು ಒಣಗಿಸಿ ಬಟ್ಟೆ ಚೀಲದಲ್ಲಿಡಿ. ಡೆಟಾಲ್, ಸ್ಯಾನಿಟೈಸರ್ ಬೇಡ, ಉರಿಯುತ್ತದೆ. ಮೋಟಾರು ಇರುವುದನ್ನು ಕುದಿಸಬೇಡಿ. ಗುದದ ಕಡೆ ಬಳಸಿದ್ದನ್ನು ತೊಳೆಯದೆ ಯೋನಿಯ ಕಡೆ ತರಬಾರದು. ಬುಡ ಅಗಲವಿಲ್ಲದ ವಸ್ತು ಗುದದೊಳಗೆ ಹೋದರೆ ಹೊರಗೆ ತೆಗೆಯಲು ಆಪರೇಷನ್ನೇ ಬೇಕಾದೀತು. ಒಬ್ಬರದು ಇನ್ನೊಬ್ಬರಿಗೆ ಕೊಡುವ ವಸ್ತು ಇದಲ್ಲ.

ಇನ್ನು ಆ್ಯಪ್. ಗಂಡ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ, ಹೆಂಡತಿ ಊರಲ್ಲಿ, ಇಂಥ ಜೋಡಿಗಳು ನಮ್ಮ ತಾಲೂಕಿನಲ್ಲಿ ಬೇಕಾದಷ್ಟಿವೆ. ದೂರದಿಂದಲೇ ಫೋನಿನಲ್ಲಿ ನಡೆಸಬಹುದು ಅಂತ ಜಾಹೀರಾತು ಇವರನ್ನೇ ಸೆಳೆಯುತ್ತದೆ. ಕೆನಡಾದ ಒಂದು ಕಂಪನಿಯ ವಿ-ವೈಬ್ ಎಂಬ ಇಂಥದೇ ಸಾಧನದ ಆ್ಯಪ್, ಜನ ಅದನ್ನು ಯಾವಾಗ, ಎಷ್ಟು ವೇಗದಲ್ಲಿ ಬಳಸಿದರು ಎಂಬ ಮಾಹಿತಿಯನ್ನು ಕಂಪನಿಗೆ ಕಳಿಸುತ್ತಿತ್ತು ಅಂತ 2016ರಲ್ಲಿ ಬಯಲಾಯಿತು. ಅಮೆರಿಕದಲ್ಲಿ ಕೇಸು ಬಿತ್ತು, 2017ರಲ್ಲಿ ಕಂಪನಿ 37.5 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ನಮ್ಮಲ್ಲಿ ಮನೆಗೊಂದೇ ಫೋನು. ಮಗ ಅದರಲ್ಲೇ ಆಟ ಆಡುತ್ತಾನೆ, ಮೈದುನ ಅದರಲ್ಲೇ ರೀಲ್ಸ್ ನೋಡುತ್ತಾನೆ. ಆ್ಯಪ್ ಇಲ್ಲದ, ಕೈಯಲ್ಲಿ ಹಿಡಿಯುವ ರಿಮೋಟ್ ಇರುವುದನ್ನೇ ತಗೊಳ್ಳಿ. ಫೋಟೋ, ವಿಡಿಯೊ ಅಂತೂ ಯಾರಿಗೂ ಬೇಡ, ಗಂಡನಿಗೂ ಬೇಡ. ಬಸ್ಸಿನಲ್ಲಿ, ಜಾತ್ರೆಯಲ್ಲಿ ಹಾಕಿಕೊಂಡು ತಿರುಗುವ ಐಡಿಯಾ ಕೊಡುವ ಜಾಹೀರಾತುಗಳಿವೆ. ಸುತ್ತಲಿನವರು ನಿಮ್ಮ ಆಟಕ್ಕೆ ಒಪ್ಪಿಗೆ ಕೊಟ್ಟಿಲ್ಲ.

ಉರಿ ಬಂದರೆ ಡಾಕ್ಟರ್ ಮುಂದೆ ನಿಜ ಹೇಳಿ. ನಮ್ಮ ಗೆಳತಿ ಎರಡನೆಯ ಸಲ ಹೇಳಿದಳು. ಆ ಡಾಕ್ಟರಮ್ಮ ನಗಲಿಲ್ಲ, ಬೈಯಲಿಲ್ಲ. "ಮೊದಲೇ ಹೇಳಿದ್ದರೆ ಒಂದು ಸಲಕ್ಕೇ ಮುಗೀತಿತ್ತಲ್ಲವ್ವಾ" ಅಂದು, ಆ ವಸ್ತು ಬಿಸಾಡಲು ಹೇಳಿ, ಬೇರೆ ಔಷಧಿ ಬರೆದುಕೊಟ್ಟರಂತೆ. ಎಲ್ಲ ಡಾಕ್ಟರರೂ ಹೀಗಿರುತ್ತಾರೆ ಅಂತ ನಾವು ಮಾತು ಕೊಡಲಾರೆವು.

ಅತ್ತೆಗೆ ಮಗ ದಾವಣಗೆರೆಯಿಂದ ನಿಜವಾದ ಮೊಣಕಾಲಿನ ಮಿಷನ್ ತಂದುಕೊಟ್ಟಿದ್ದಾನೆ. ಅದರ ಡಬ್ಬದ ಮೇಲೂ ಮಸಾಜರ್ ಅಂತಲೇ ಇದೆ. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ತಿರುಗಿಸಿ ನೋಡಿ, "ಇದು ಬ್ಯಾರೇದಲ್ಲ?" ಅಂತ ಕೇಳಿದರಂತೆ.